ಅಜ್ಜಾರ ಮುಂದೆ ಓದಿದ ಲೆಕ್ಕ



ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಪುರಾಣ ಹಚ್ಚಿದ್ದಾರೆ. ಸಂಜೆ ಏಳಕ್ಕೆ ಮೈಕು ಶುರುವಾದರೆ ಒಂಬತ್ತೂವರೆಯ ತನಕ ಪ್ರವಚನ ನಮ್ಮ ಪಡಸಾಲೆಯಲ್ಲೇ ನಡೆದ ಹಾಗೆ. ನಿಮ್ಮ ಪ್ರಶ್ನೆ ಮುಂದಿಟ್ಟುಕೊಂಡು ಕೂತಾಗಲೆಲ್ಲ ಹೊರಗಿನಿಂದ ಗುರುಮಹಿಮೆ ತೇಲಿ ಬರುತ್ತಿತ್ತು, ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ. ಇವತ್ತು ಕರೆಂಟಿಲ್ಲ. ಮೈಕಿಗೂ ರಜೆ, ನನಗೂ ನೆವವಿಲ್ಲ.

ನೀವು ಬರೆದ ಎರಡು ಹಾಳೆಗಳಲ್ಲಿ ನನ್ನನ್ನು ಬಿಡದೆ ಹಿಡಿದದ್ದು ನಿಮ್ಮ ತಾಯಿಯವರ ಸಂಗತಿ. ಮೂವತ್ತು ವರ್ಷ ನಿಮ್ಮ ದೇವರ ಕೋಣೆಯಲ್ಲಿದ್ದ ಸ್ವಾಮಿಗಳ ಫೋಟೊ. ಅವರ ಮೇಲೆ ಮಗುವೊಂದರ ದೂರು ದಾಖಲಾಗಿ ಟಿವಿಯಲ್ಲಿ ಮೂರು ದಿನ ಅದೇ ಸುದ್ದಿ ಓಡಿದಾಗ ನಿಮ್ಮ ತಮ್ಮ, ಅದನ್ನು ತೆಗೆದು ಅಟ್ಟಕ್ಕೆ ಹಾಕು ಎಂದ. ನಿಮ್ಮ ಕಾಕಾ, ಅದನ್ನು ಮುಟ್ಟಿದರೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ತಾಯಿಯವರು ಇಬ್ಬರಿಗೂ ಏನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಜಳಕ ಮಾಡಿ ಬಂದು ಎಂದಿನಂತೆ ಎಲ್ಲ ಫೋಟೊಗಳ ಧೂಳು ಒರೆಸಿದರು. ಅದರದ್ದೂ ಒರೆಸಿದರು. ಹೂವು ಏರಿಸುವಾಗ ಮಾತ್ರ ಅದೊಂದನ್ನು ಬಿಟ್ಟು ಮುಂದಿನದಕ್ಕೆ ಹೋದರು. ಇವತ್ತಿಗೂ ಹಾಗೇ ಮಾಡುತ್ತಿದ್ದಾರೆ ಎಂದು ಬರೆದಿದ್ದೀರಿ.

ಆಮೇಲೆ ನಿಮ್ಮ ಪ್ರಶ್ನೆ. “ಅವರೂ ಮನುಷ್ಯರೇ ತಾನೆ? ಇದೇ ಕೆಲಸ ನಮ್ಮ ಓಣಿಯವರು ಯಾರಾದರೂ ಮಾಡಿದ್ದರೆ ಒಂದು ದಿನದ ಸುದ್ದಿ. ಕಾವಿ ಉಟ್ಟವರ ಹೆಸರು ಬಂದರೆ ಊರಿಗೆ ಊರೇ ಸೂತಕ ಹಿಡಿದಂತೆ ಕೂರುತ್ತದಲ್ಲ, ಅವರಿಗೊಂದು ತಕ್ಕಡಿ ನಮಗೊಂದು ತಕ್ಕಡಿ ಅನ್ನುವುದು ನ್ಯಾಯವೆ?”

ನಾನು ಪಂಡಿತನಲ್ಲ, ವಕೀಲನೂ ಅಲ್ಲ. ಮಠದ ಪ್ರಸಾದ ಉಂಡು ಓದಿದವನು. ಆ ಅನ್ನದ ಋಣ ಇಟ್ಟುಕೊಂಡೇ ಬರೆಯುತ್ತೇನೆ.

ತಕ್ಕಡಿ ಬೇರೆ ಎಂಬುದು ನಮ್ಮ ಕಲ್ಪನೆಯಲ್ಲ, ಅದನ್ನು ಮೊದಲು ತಂದಿಟ್ಟವರು ಸನ್ಯಾಸಿಗಳೇ. ಜೈನರಲ್ಲಿ ಇದು ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ವ್ರತಗಳು ಮನೆಮಠ ಇದ್ದವರಿಗೂ ಅವೇ, ಎಲ್ಲ ಬಿಟ್ಟವರಿಗೂ ಅವೇ. ಶ್ರಾವಕರು ಪಾಲಿಸಿದರೆ ಅವು ಅಣುವ್ರತ, ಮುನಿಗಳು ಪಾಲಿಸಿದರೆ ಮಹಾವ್ರತ. ಸಂಸಾರಿಗೆ ಬ್ರಹ್ಮಚರ್ಯವೆಂದರೆ ಕೈಹಿಡಿದವರಿಗೆ ನಿಷ್ಠೆ, ಮುನಿಗೆ ಪೂರ್ತಿ ವಿರಕ್ತಿ. ಸಂಸಾರಿಗೆ ಅಪರಿಗ್ರಹವೆಂದರೆ ಗಳಿಕೆಗೊಂದು ಮಿತಿ, ದಿಗಂಬರ ಮುನಿಗೆ ಮೈಮೇಲೆ ಒಂದು ಎಳೆ ನೂಲೂ ಇಲ್ಲ, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು ಅಷ್ಟೇ. ಅಂಗಡಿಯವರು ಸಂಜೆ ಗಲ್ಲಾ ಎಣಿಸಿದರೆ ಅದು ಅವರ ಕಾಯಕ, ಮುನಿ ಒಂದು ರೂಪಾಯಿ ಇಟ್ಟುಕೊಂಡರೂ ವ್ರತಭಂಗ. ಇಬ್ಬರ ಮುಂದಿರುವ ಮೌಲ್ಯ ಒಂದೇ. ಒಬ್ಬರು ಅದರ ಚಿಟಿಕೆ ಹೊತ್ತಿದ್ದಾರೆ, ಇನ್ನೊಬ್ಬರು ಚೀಲ ಹೊತ್ತಿದ್ದಾರೆ. ಚೀಲ ಹೊರುತ್ತೇನೆಂದು ಹತ್ತು ಜನರ ಮುಂದೆ ದೀಕ್ಷೆ ತೆಗೆದುಕೊಂಡವರಿಗೆ ನಾವು ಚೀಲದ ತೂಕ ಕೇಳಿದರೆ ಅನ್ಯಾಯವೇನು?

ಆದರೆ ಇಲ್ಲೊಂದು ಎಚ್ಚರ ಬೇಕು. ವ್ರತ ಬೇರೆ, ನೀತಿ ಬೇರೆ. ಉಡುಪಿಯಲ್ಲಿ 2008ರ ಪರ್ಯಾಯದ ಹೊತ್ತಿಗೆ ಎದ್ದ ಚರ್ಚೆ ನಿಮಗೆ ನೆನಪಿರಬಹುದು. ಅಷ್ಟಮಠಗಳು ಎರಡೆರಡು ವರ್ಷ ಸರದಿಯಲ್ಲಿ ಶ್ರೀಕೃಷ್ಣನ ಪೂಜೆ ವಹಿಸಿಕೊಳ್ಳುತ್ತವೆ. ಆ ಸಲದ ಸರದಿ ಪುತ್ತಿಗೆ ಮಠದ್ದು. ಅಲ್ಲಿನ ಯತಿಗಳು ವಿದೇಶಕ್ಕೆ ಹೋಗಿ ಬಂದವರು. ಸಮುದ್ರ ದಾಟಿದ ಸನ್ಯಾಸಿ ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬುದೇ ಆಗ ದೊಡ್ಡ ಪ್ರಶ್ನೆಯಾಯಿತು. ನಮ್ಮ ಮಕ್ಕಳು ಅಮೆರಿಕದಿಂದ ಬಂದರೆ ನಾವು ಹಾರ ಹಿಡಿದು ವಿಮಾನ ನಿಲ್ದಾಣಕ್ಕೆ ಓಡುತ್ತೇವೆ. ನಮಗೆ ಹಬ್ಬವಾದದ್ದು ಯತಿಗೆ ಪ್ರಾಯಶ್ಚಿತ್ತದ ಮಾತಾಗುತ್ತದೆ. ಅದು ಆ ಪರಂಪರೆಯ ಒಳಗಿನ ಶಿಸ್ತು. ಅದು ಸರಿಯೋ ತಪ್ಪೋ ಎಂದು ಅವರವರು ಕೂತು ತೀರ್ಮಾನಿಸಿಕೊಳ್ಳುತ್ತಾರೆ. ಅದರಿಂದ ಯಾರ ಮೈಗೂ ಗಾಯವಾಗಲಿಲ್ಲ, ಯಾರ ಗಂಟೂ ಹೋಗಲಿಲ್ಲ.

ನಾವು ಎಡವುವುದು ಈ ಎರಡನ್ನು ಕಲಸಿದಾಗ. ಒಬ್ಬ ಸ್ವಾಮಿಗಳು ಪೀಠ ಬಿಟ್ಟು ಮದುವೆಯಾದರೆನ್ನಿ. ವ್ರತ ಮುರಿಯಿತು, ಭಕ್ತರಿಗೆ ನೋವಾಯಿತು, ನಿಜ. ಅಪರಾಧ ಏನೂ ಆಗಲಿಲ್ಲ. ಇನ್ನೊಬ್ಬರು ಆಶ್ರಯಕ್ಕೆ ಬಂದ ಮಗುವಿನ ಮೇಲೆ ಕೈ ಮಾಡಿದರೆನ್ನಿ. ಅಲ್ಲಿ ವ್ರತದ ಮಾತೇ ಗೌಣ. ಆದರೆ ನಮ್ಮ ಕಟ್ಟೆಗಳ ಮೇಲೆ ಎರಡಕ್ಕೂ ಒಂದೇ ಮಾತು, “ಸ್ವಾಮಿಗಳು ದಾರಿ ತಪ್ಪಿದರಂತೆ.” ಈ ಮಾತಿನೊಳಗಿನ ಮೋಸ ಗಮನಿಸಿ. ದಾರಿ ತಪ್ಪಿದವರ ಕಥೆ ಹೇಳುತ್ತ ಹೇಳುತ್ತ ದಾರಿಯಲ್ಲಿ ಬಿದ್ದ ಮಗು ಕಣ್ಮರೆಯಾಗುತ್ತದೆ. ಎಂಥ ತಪಸ್ಸು ಹಾಳಾಯಿತು, ಎಂಥ ಪೀಠಕ್ಕೆ ಮಸಿ ಹತ್ತಿತು ಎಂದು ಮರುಗುತ್ತೇವೆ. ಆ ಮಗು ಈಗ ಯಾವ ಶಾಲೆಗೆ ಹೋಗುತ್ತಿದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಧರ್ಮಗುರುಗಳಿಗೆ ಎತ್ತರದ ಅಳತೆಗೋಲು ಇಟ್ಟಾಗ ನಮ್ಮ ಕಣ್ಣೂ ಎತ್ತರಕ್ಕೇ ನೆಟ್ಟಿರುತ್ತದೆ, ನೆಲದ ಮೇಲಿರುವವರು ಕಾಣುವುದಿಲ್ಲ.

ಈ ವಿಷಯದಲ್ಲಿ ಕಾನೂನು ನಮಗಿಂತ ಸ್ಪಷ್ಟವಾಗಿ ನೋಡಿದೆ. 2012ರ ಪೋಕ್ಸೊ ಕಾಯ್ದೆ ಕೆಲವು ಜಾಗಗಳನ್ನು ಹೆಸರಿಸಿ ಪಟ್ಟಿ ಮಾಡುತ್ತದೆ: ಪೊಲೀಸ್ ಠಾಣೆ, ಆಸ್ಪತ್ರೆ, ಶಾಲೆ, ಧಾರ್ಮಿಕ ಸಂಸ್ಥೆ. ಇಂಥ ಸಂಸ್ಥೆಯನ್ನು ನಡೆಸುವವರು ಅಥವಾ ಅಲ್ಲಿ ಕೆಲಸ ಮಾಡುವವರು ಅಲ್ಲಿರುವ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ ಅದು ಇನ್ನಷ್ಟು ಗಂಭೀರ ಅಪರಾಧ, ಶಿಕ್ಷೆಯೂ ಹೆಚ್ಚು. ಗೊತ್ತಿದ್ದೂ ದೂರು ಕೊಡದಿದ್ದರೆ ಅದೂ ಅಪರಾಧವೇ. ಕಾವಿ ಪವಿತ್ರ ಎಂಬ ಕಾರಣಕ್ಕೆ ಕಾನೂನು ಹೀಗೆ ಹೇಳಿಲ್ಲ. ಮಗುವನ್ನು ಒಪ್ಪಿಸುವಾಗ ತಾಯಿ ಬಾಗಿಲ ಹೊರಗೇ ನಿಂತುಬಿಡುವ ಜಾಗಗಳಿವು. ಒಳಗೆ ಬಂದು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಒಳಗಿದ್ದವರ ಹೊಣೆ ಹೆಚ್ಚು. ಆ ಪಟ್ಟಿಯಲ್ಲಿ ಸ್ವಾಮಿಗಳ ಪಕ್ಕದಲ್ಲೇ ಪೊಲೀಸರೂ ಮಾಸ್ತರರೂ ಕೂತಿರುವುದು ನನಗೆ ಬಹಳ ಸರಿ ಅನಿಸುತ್ತದೆ.

ಇಲ್ಲಿಗೆ ನಿಮ್ಮ ತಕ್ಕಡಿಯ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಆಯಿತು. ಉಳಿದರ್ಧಕ್ಕೆ ನಾನು ನನ್ನ ಊರಿಗೆ ಹೋಗಬೇಕು.

ನಮ್ಮ ಊರು ಸಣ್ಣದು, ಮಠವೂ ಸಣ್ಣದು. ಒಂದು ಗದ್ದುಗೆ, ಒಂದು ಬೇವಿನ ಮರ, ಹಿಂದೆ ದನದ ಕೊಟ್ಟಿಗೆ, ಹದಿನೆಂಟು ಹುಡುಗರು ಉಣ್ಣುವ ಪಡಸಾಲೆ. ನಿಮ್ಮ ಕಡೆ ಬುದ್ಧಿಯವರು ಅನ್ನುತ್ತೀರಿ, ನಮ್ಮ ಕಡೆ ಸ್ವಾಮಿಗಳಿಗೆ ಅಜ್ಜಾರು. ನಾನು ಹುಡುಗನಾಗಿದ್ದಾಗ ಇದ್ದ ಅಜ್ಜಾರಿಗೆ ಎಪ್ಪತ್ತು ದಾಟಿತ್ತು. ಜಾತ್ರೆಯಲ್ಲಿ ತೇರು ಎಳೆದ ಮೂರನೆಯ ದಿನ ಮಠದಲ್ಲಿ ಲೆಕ್ಕ ಓದುವ ಪದ್ಧತಿ. ವರ್ಷವಿಡೀ ಭಕ್ತರು ಕೊಟ್ಟ ಜೋಳ, ಬೇಳೆ, ರೊಕ್ಕ, ಖರ್ಚಾದದ್ದು, ಉಳಿದದ್ದು. ಕಿರ್ದಿ ಬರೆಯುತ್ತಿದ್ದವರು ನಮ್ಮ ದೊಡ್ಡಪ್ಪ, ಪ್ರಾಥಮಿಕ ಶಾಲೆಯ ಮಾಸ್ತರರು. ಅವರು ಕೆಂಪು ಬಟ್ಟೆ ಬಿಚ್ಚಿ ವಹಿ ತೆಗೆಯುತ್ತಿದ್ದಂತೆ ಅಜ್ಜಾರು ಗದ್ದುಗೆಯಿಂದ ಇಳಿದು ಎಲ್ಲರ ಜೊತೆ ಕಂಬಳಿಯ ಮೇಲೆ ಬಂದು ಕೂರುತ್ತಿದ್ದರು. ಲೆಕ್ಕ ಓದಿ ಮುಗಿದರೆ ಮಂಡಕ್ಕಿ ಹಂಚುತ್ತಿದ್ದರಾದ್ದರಿಂದ ನಾವು ಹುಡುಗರು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆವು.

ಒಂದು ವರ್ಷ ಓದುತ್ತ ಓದುತ್ತ ದೊಡ್ಡಪ್ಪ ನಿಂತುಬಿಟ್ಟರು. ಕನ್ನಡಕ ಮೇಲಕ್ಕೆ ಸರಿಸಿ ಇನ್ನೊಮ್ಮೆ ಕೂಡಿದರು.

“ಅಜ್ಜಾರ, ಆರು ಚೀಲ ಜ್ವಾಳ ಲೆಕ್ಕಕ್ಕ ಕೂಡವಲ್ದು ನೋಡ್ರಿ.”

ಪಡಸಾಲೆ ಗಪ್ಪಾಯಿತು. ಅಜ್ಜಾರು ತಲೆ ಎತ್ತಿ, “ಹೌದ್ರಿ ಮಾಸ್ತರ. ನಾನ ಕೊಟ್ಟೀನಿ, ಕಡೀ ಓಣ್ಯಾಗಿನ ಒಂದು ಮನಿಗೆ. ಯಾರ ಮನಿ ಅಂತ ಕೇಳಬ್ಯಾಡ್ರಿ. ಬರಸೋದು ಬಿಟ್ಟೀನಿ, ಅದು ನಂದ ತಪ್ಪು” ಅಂದರು.

ಹಿಂದೆ ಕೂತಿದ್ದ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ. “ನಮ್ಮ ಅಜ್ಜಾರು ಅಂದ ಮ್ಯಾಲೆ ಮುಗೀತಲ್ರಿ. ಇನ್ನ ಬರಿಯೂದ್ಯಾಕ?”

“ಬರೀಲಿ ಬಿಡವ್ವಾ” ಅಂದರು ಅಜ್ಜಾರು. “ನಾ ಹ್ವಾದ ಮ್ಯಾಲೆ ಬರೋರಿಗೆ ರೂಢಿ ಇರಬೇಕಲ್ಲ.”

ದೊಡ್ಡಪ್ಪ ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ ಬರೆದರು. ಆ ವಹಿಯನ್ನು ಎಷ್ಟೋ ವರ್ಷದ ಮೇಲೆ ನಾನೇ ತೆಗೆದು ನೋಡಿದ್ದೇನೆ. “ಜೋಳ, 6 ಚೀಲ. ಅಜ್ಜಾರ ಕೈಯಿಂದ. ಬರೆಸದೆ ಕೊಟ್ಟದ್ದು.”

ಅವರು ಲಿಂಗೈಕ್ಯರಾದ ಮೇಲೆ ಬಂದವರು ಓದಿದವರು, ಒಳ್ಳೆಯ ಮಾತುಗಾರರು. ಮೊದಲ ಜಾತ್ರೆಯ ಮೂರನೆಯ ದಿನ ದೊಡ್ಡಪ್ಪ ವಹಿ ಹಿಡಿದು ಹೋದರು. ತಡೆದವರು ಹೊಸ ಸ್ವಾಮಿಗಳಲ್ಲ, ನಾವೇ. ಊರ ಹಿರಿಯರು “ಗುರುವಿಗೆ ಯಾರರ ಲೆಕ್ಕ ಕೇಳ್ತಾರೇನ್ರಿ ಮಾಸ್ತರ?” ಅಂದರು. ಅದು ಭಕ್ತಿಯ ಮಾತು, ಕೇಳಲಿಕ್ಕೆ ಚೆಂದವೇ ಇತ್ತು. ದೊಡ್ಡಪ್ಪ ವಹಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದರು. ಹತ್ತು ವರ್ಷದ ಮೇಲೆ ಮಠದ ನಾಲ್ಕು ಎಕರೆ ಎರೆ ಹೊಲ ಯಾರದೋ ಹೆಸರಿಗಿದೆ ಎಂದು ಗೊತ್ತಾಯಿತು. ಯಾವಾಗ ಹೋಯಿತು, ಯಾಕೆ ಹೋಯಿತು, ಬಂದ ರೊಕ್ಕ ಎಲ್ಲಿ ಎಂದು ಹೇಳುವವರೇ ಇರಲಿಲ್ಲ. ಆ ಸ್ವಾಮಿಗಳು ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಒಳ್ಳೆಯವರೋ ಕೆಟ್ಟವರೋ ತಿಳಿಯುವ ದಾರಿಯನ್ನೇ ನಾವು ಮುಚ್ಚಿ ಕೂತಿದ್ದೆವು.

ಮಠದ ಆಸ್ತಿಯ ಮೇಲೆ ಯಾರ ಅಧಿಕಾರ ಎಂಬ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಅದೂ ಉಡುಪಿಯಿಂದಲೇ. 1954ರ ಶಿರೂರು ಮಠದ ಪ್ರಕರಣವನ್ನು ನಮ್ಮ ದೇಶದಲ್ಲಿ ಕಾನೂನು ಓದುವ ಪ್ರತಿಯೊಬ್ಬರೂ ಓದುತ್ತಾರೆ. ಅದರ ಹಿಂದಿನ ಕಥೆ ಮಾತ್ರ ಯಾರ ಬಾಯಲ್ಲೂ ಇಲ್ಲ. ಆ ಮಠದ ಸ್ವಾಮಿಗಳು 1919ರಲ್ಲಿ ಬಾಲಕರಾಗಿದ್ದಾಗಲೇ ಪೀಠಕ್ಕೆ ಬಂದವರು. ವಯಸ್ಸಿಗೆ ಬಂದು 1926ರ ಸುಮಾರಿಗೆ ಆಡಳಿತ ವಹಿಸಿಕೊಂಡಾಗ ಮಠ ಸಾಲದಲ್ಲಿ ಮುಳುಗಿತ್ತು. ನಾಲ್ಕು ವರ್ಷದಲ್ಲಿ ಬಹುಪಾಲು ತೀರಿಸಿದರು. 1931ರಲ್ಲಿ ಪರ್ಯಾಯ ಬಂತು, ಅದರ ಖರ್ಚಿಗೆ ಮತ್ತೆ ಸಾಲ. 1946ರಲ್ಲಿ ಅವರ ಎರಡನೆಯ ಪರ್ಯಾಯ. ಯುದ್ಧ ಮುಗಿದ ಕಾಲ, ದಿನಸಿಗೆ ಬರ, ಬೆಲೆ ಆಕಾಶಕ್ಕೆ. ಸಾಲ ಲಕ್ಷ ರೂಪಾಯಿಯ ಹತ್ತಿರ ಹೋಯಿತು. ಆಗ ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸರ್ಕಾರದ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು, ಸ್ವಾಮಿಗಳು ಕೋರ್ಟಿಗೆ ಹೋದರು.

ತೀರ್ಪಿನಲ್ಲಿ ಸ್ವಾಮಿಗಳ ಕಡೆಗೆ ಬಹಳಷ್ಟು ಸಿಕ್ಕಿತು. ಧರ್ಮದ ಆಚರಣೆಯಲ್ಲಿ ಸರ್ಕಾರ ತಲೆ ಹಾಕುವ ಹಾಗಿಲ್ಲ ಎಂದು ಕೋರ್ಟು ಹೇಳಿತು, ಕಾಯ್ದೆಯ ಕೆಲವು ಕಲಮುಗಳನ್ನೂ ಕಿತ್ತು ಹಾಕಿತು. ನನಗೆ ಮುಖ್ಯವೆನಿಸುವುದು ಮಠಾಧಿಪತಿ ಎಂದರೆ ಯಾರು ಎಂದು ಅದು ವಿವರಿಸಿದ ರೀತಿ. ಅವರು ಬರೀ ಸಂಬಳದ ಮ್ಯಾನೇಜರಲ್ಲ, ಹಾಗೆಂದು ಮನಸ್ಸಿಗೆ ಬಂದಂತೆ ಮಾರಿಕೊಳ್ಳುವ ಮಾಲೀಕರೂ ಅಲ್ಲ. ಅಧಿಕಾರವೂ ಹೊಣೆಯೂ, ಹಕ್ಕೂ ಕರ್ತವ್ಯವೂ ಅವರ ಸ್ಥಾನದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಭಕ್ತರು ಅವರ ಪಾದಕ್ಕಿಟ್ಟ ಕಾಣಿಕೆಯ ಮಾತೂ ಅಲ್ಲಿ ಬಂತು. ಅದನ್ನು ಹೇಗೆ ವಿನಿಯೋಗಿಸಬೇಕೆಂಬುದು ಸಾಮಾನ್ಯವಾಗಿ ಅವರಿಗೆ ಬಿಟ್ಟದ್ದು, ಏನೂ ಮಾಡದೆ ಅವರು ತೀರಿಕೊಂಡರೆ ಅದು ಮಠಕ್ಕೆ ಸೇರಿ ಮುಂದಿನ ಪೀಠಾಧಿಪತಿಗೆ ಹೋಗುತ್ತದೆ. ಹೆಂಡತಿ ಮಕ್ಕಳಿಲ್ಲದ ಸನ್ಯಾಸಿಗೆ ಮಠವೇ ವಾರಸುದಾರ.

ಹಾಗಾಗಿ ನನ್ನ ಮಟ್ಟಿಗೆ ತಕ್ಕಡಿ ಒಂದೇ. ಸುಳ್ಳು, ಕಳವು, ಹಿಂಸೆ ಯಾರು ಮಾಡಿದರೂ ಅವೇ ಕಲ್ಲು, ಅದೇ ತೂಕ. ಆದರೆ ಲೆಕ್ಕ ಕೇಳುವುದು ಅವರ ಹತ್ತಿರ ಹೆಚ್ಚು, ಏಕೆಂದರೆ ನಾವು ಅವರ ಹತ್ತಿರ ಇಟ್ಟದ್ದು ಹೆಚ್ಚು. ಹೊಲ ಇಟ್ಟಿದ್ದೇವೆ, ಮಕ್ಕಳನ್ನು ಇಟ್ಟಿದ್ದೇವೆ, ಮನೆಯ ಜಗಳದ ಪಂಚಾಯಿತಿ ಇಟ್ಟಿದ್ದೇವೆ, ಗಂಡನಿಗೂ ಹೇಳದ ಗುಟ್ಟು ಇಟ್ಟವರೂ ಇದ್ದಾರೆ. ನಮ್ಮಲ್ಲಿ ಆಗುವುದು ಇದರ ತಿರುವು ಮುರುವು. ನೀತಿ ಅವರಿಂದ ಮಣಗಟ್ಟಲೆ ಬಯಸುತ್ತೇವೆ, ಲೆಕ್ಕ ಚಿಟಿಕೆಯಷ್ಟೂ ಕೇಳುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ನಾಲ್ಕು ರೂಪಾಯಿ ಚಿಲ್ಲರೆ ಎರಡು ಸಲ ಎಣಿಸಿಕೊಳ್ಳುವವರು ಮಠದ ಬಾಗಿಲಲ್ಲಿ ಕಣ್ಣು ಮುಚ್ಚುತ್ತೇವೆ. ನಿಮ್ಮ ಕಾಗದದಲ್ಲಿದ್ದ ಆ ಊರ ಸೂತಕ ಹುಟ್ಟುವುದು ಇಲ್ಲೇ ಎಂದು ನನಗನಿಸುತ್ತದೆ. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಆ ಅಳುಕು ಸಿಟ್ಟಾಗಿ ಬರುತ್ತದೆ, ಇಲ್ಲವೇ ನಿಮ್ಮ ಕಾಕಾ ಅವರ ಹಟವಾಗಿ ಬರುತ್ತದೆ.

ಇದು ನಮ್ಮ ಕಾವಿಯ ಕಥೆಯಷ್ಟೇ ಎಂದುಕೊಳ್ಳಬೇಡಿ. ಜಾನ್ ವಾನಿಯೆ ಎಂಬವರ ಹೆಸರು ಕೇಳಿರಬಹುದು. ಅವರು ಪಾದ್ರಿಯಲ್ಲ, ದೀಕ್ಷೆಯಿಲ್ಲದ ಕ್ಯಾಥೊಲಿಕ್. ಆದರೆ ಬದುಕಿದ್ದಾಗಲೇ ಜನ ಅವರನ್ನು ಸಂತರೆಂದು ಕರೆಯುತ್ತಿದ್ದರು. 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಬುದ್ಧಿಮಾಂದ್ಯರೆಂದು ಆಶ್ರಮಗಳಲ್ಲಿ ಕೂಡಿಹಾಕಿದ್ದ ಇಬ್ಬರನ್ನು ಕರೆತಂದು ಅವರೊಡನೆ ಒಂದೇ ಮನೆಯಲ್ಲಿ ಇರತೊಡಗಿದರು. ಅದೇ ‘ಲಾರ್ಶ್’ ಎಂಬ ಸಂಸ್ಥೆಯಾಗಿ ಹತ್ತಾರು ದೇಶಗಳಿಗೆ ಹರಡಿತು. ಭಾರತದಲ್ಲಿ ಅದು ಮೊದಲು ಬೇರೂರಿದ್ದು ನಮ್ಮ ಬೆಂಗಳೂರಿನಲ್ಲಿ, 1970ರಲ್ಲಿ, ‘ಆಶಾ ನಿಕೇತನ’ ಎಂಬ ಹೆಸರಿನಲ್ಲಿ. 2015ರಲ್ಲಿ ಅವರಿಗೆ ಟೆಂಪಲ್ಟನ್ ಪ್ರಶಸ್ತಿ ಬಂತು. 2019ರ ಮೇ ತಿಂಗಳಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಾಗ ಪೋಪ್ ಕೂಡ ಸ್ಮರಿಸಿದರು.

ಒಂದು ವರ್ಷವೂ ಕಳೆದಿರಲಿಲ್ಲ. 2020ರ ಫೆಬ್ರುವರಿಯಲ್ಲಿ, ಆಧ್ಯಾತ್ಮಿಕ ಮಾರ್ಗದರ್ಶನ ಬೇಡಿ ಬಂದ ಆರು ಹೆಂಗಸರನ್ನು ಅವರು ವರ್ಷಾನುಗಟ್ಟಲೆ ಲೈಂಗಿಕವಾಗಿ ಬಳಸಿಕೊಂಡಿದ್ದರು ಎಂಬ ತನಿಖಾ ವರದಿ ಹೊರಬಂತು. 2023ರಲ್ಲಿ ಬಂದ ಇನ್ನೊಂದು ದೀರ್ಘ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25 ಆಗಿತ್ತು. ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಕಪಾಟಿನಲ್ಲಿ ಅವರ ಪುಸ್ತಕವೊಂದಿತ್ತು, ಗೆರೆ ಎಳೆದು ಓದಿದ್ದೆ. ಆದರೆ ಆ ತನಿಖೆ ಮಾಡಿಸಿದವರು ಯಾರು ಗೊತ್ತೇ? ಯಾವ ವೈರಿಯೂ ಅಲ್ಲ, ಲಾರ್ಶ್ ಸಂಸ್ಥೆಯೇ. ತಮ್ಮ ಸ್ಥಾಪಕರ ಮೇಲೆ ಹೊರಗಿನವರಿಂದ ವಿಚಾರಣೆ ಮಾಡಿಸಿ, ಬಂದ ಉತ್ತರವನ್ನು ತಾವೇ ಮುಂದೆ ನಿಂತು ಲೋಕಕ್ಕೆ ಓದಿ ಹೇಳಿದರು. ಆ ಮನೆಗಳು ಮುಚ್ಚಲಿಲ್ಲ. ಸಂತ ಬಿದ್ದ ಮೇಲೆ ಅವರು ಹಚ್ಚಿದ ಒಲೆ ಆರಲೇಬೇಕು ಅಂತೇನೂ ಇಲ್ಲ. ನನಗೆ ನಮ್ಮ ದೊಡ್ಡಪ್ಪನ ಪೆನ್ಸಿಲು ನೆನಪಾಯಿತು. ತಡವಾಗಿಯಾದರೂ ಅವರು ಬರೆದರು.

ಇನ್ನೊಂದು ಸಂಗತಿ ಉಳಿದಿದೆ, ಅದು ನಮ್ಮದೇ ತಪ್ಪಿನದು. ವ್ರತ ಅವರು ಹೊತ್ತದ್ದು, ನಂಬಿಕೆ ನಾವು ಇಟ್ಟದ್ದು, ಇವೆರಡಕ್ಕೂ ಲೆಕ್ಕ ಕೇಳುವುದು ಸರಿ. ಆದರೆ ನಾವು ಮೂರನೆಯದನ್ನೂ ಅವರ ತಲೆಗೆ ಕಟ್ಟುತ್ತೇವೆ. ನಮ್ಮ ಬದಲು ಅವರು ಒಳ್ಳೆಯವರಾಗಿರಲಿ ಎಂಬ ಆಸೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ನೀವು ಓದಿದ್ದೀರಿ. ಅಲ್ಲಿ ಅಗ್ರಹಾರ ನೆಚ್ಚಿದ ಪ್ರಾಣೇಶಾಚಾರ್ಯರ ಪತನದ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ಭಯ ಹುಟ್ಟಿಸುವುದು ಅಗ್ರಹಾರದ ಉಳಿದವರು. ಆಚಾರ ಬಿಟ್ಟ ನಾರಣಪ್ಪನ ಹೆಣ ಮನೆಯಲ್ಲಿ ಕೊಳೆಯುತ್ತಿದೆ, ಸುಡಬೇಕೋ ಬೇಡವೋ, ಯಾರು ಸುಡಬೇಕು ಎಂದು ಆಚಾರ್ಯರೇ ಹೇಳಲಿ ಎಂದು ಎಲ್ಲರೂ ಕಾಯುತ್ತ ಕೂತಿದ್ದಾರೆ. ಒಬ್ಬರ ಹೆಗಲಿಗೆ ಊರಿನವರೆಲ್ಲರ ಅಂತಃಕರಣ ಹೊರಿಸಿದರೆ ಆ ಹೆಗಲು ಕುಸಿಯುವುದು ಆಮೇಲಿನ ಮಾತು. ಮೊದಲು ನಾರುವುದು ನಮ್ಮ ಓಣಿ.

ಈ ಹೊರೆಯನ್ನು ತಾವೇ ಕೆಳಗಿಳಿಸಿ ಹೋದವರನ್ನೂ ನಾವು ಕಂಡಿದ್ದೇವೆ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಸನ್ಯಾಸಿಗೆ ಪ್ರಶಸ್ತಿ ಯಾಕೆ ಎಂದು ವಿನಯದಿಂದ ಪತ್ರ ಬರೆದು ಬೇಡವೆಂದರು. 2023ರ ಜನವರಿ 2ರಂದು ಅವರು ಹೋದಾಗ, ವರ್ಷಗಳ ಮುಂಚೆಯೇ ಬರೆದಿಟ್ಟ ಕಾಗದ ಹೊರಗೆ ಬಂತು. ದೇಹವನ್ನು ಮಣ್ಣು ಮಾಡಬೇಡಿ, ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಎಂಬುದು ಅದರ ತಾತ್ಪರ್ಯ. ಲಿಂಗಾಯತ ಸ್ವಾಮಿಗಳಿಗೆ ಸಮಾಧಿ, ಗದ್ದುಗೆ ರೂಢಿ. ಲಕ್ಷಗಟ್ಟಲೆ ಜನ ಕಣ್ಣೀರಿಟ್ಟು ಬಂದಿದ್ದರು. ಅಷ್ಟೂ ಜನರಿಗೆ ಅಡ್ಡಬೀಳಲು ಒಂದು ಕಲ್ಲನ್ನೂ ಬಿಡದೆ ಹೋದರು. ನಮಗೆ ಪೂಜೆಗೆ ಏನಾದರೂ ಸಿಕ್ಕರೆ ಸಾಕು, ಆ ದಾರಿಯಲ್ಲಿ ನಡೆಯುವುದು ತಪ್ಪುತ್ತದೆ ಎಂದು ಅವರಿಗೆ ಗೊತ್ತಿತ್ತು ಅಂತ ನಾನು ಅಂದುಕೊಂಡಿದ್ದೇನೆ.

ಇನ್ನು ಲೆಕ್ಕ ಕೇಳುವವರ ಮಾತು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತಿರುವುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ಹೆಂಡತಿ ಲಕ್ಕಮ್ಮ ನೋಡಿದ ಕೂಡಲೇ, ಇಷ್ಟು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಮಾರಯ್ಯ ದೊಡ್ಡ ಶರಣ ನಿಜ. ಮನೆಯ ಬಾಗಿಲಲ್ಲೇ ಲಕ್ಕಮ್ಮ ಇದ್ದಳು ಎಂಬುದೂ ನಿಜ. ನಮ್ಮ ಇವತ್ತಿನ ಗುರುಗಳ ಸುತ್ತ ಹೂ ಹಿಡಿದವರಿದ್ದಾರೆ, ಛತ್ರಿ ಹಿಡಿದವರಿದ್ದಾರೆ, ಸೆಲ್ಫಿ ತೆಗೆಯುವವರಿದ್ದಾರೆ. ಬುಟ್ಟಿ ನೋಡಿ “ಇದು ಹೆಚ್ಚಾಯಿತು” ಅನ್ನುವ ಲಕ್ಕಮ್ಮ ಎಲ್ಲಿದ್ದಾಳೆ ಎಂದು ಕೇಳಿ ನೋಡಿ. ಬಹಳ ಕಡೆ ಅವಳನ್ನು ಭಕ್ತರೇ ಹೊರಗೆ ಹಾಕಿರುತ್ತಾರೆ.

ಈಗ ಮತ್ತೆ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಸ್ವಾಮಿಗಳ ಪ್ರಕರಣ ಇನ್ನೂ ಕೋರ್ಟಿನಲ್ಲಿದೆ. ಅಲ್ಲಿ ಏನು ಸಾಬೀತಾಗುತ್ತದೋ ನಾನು ಹೇಳಲಾರೆ, ನೀವೂ ಹೇಳಬೇಡಿ. ತಮ್ಮನಿಗೆ ಇಷ್ಟು ಮಾತ್ರ ಹೇಳಿ, ಫೋಟೊ ಅಟ್ಟಕ್ಕೆ ಹಾಕಿದರೆ ದೂರು ಕೊಟ್ಟ ಮಗುವಿಗೆ ನ್ಯಾಯ ಸಿಕ್ಕಿದ ಹಾಗಾಗುವುದಿಲ್ಲ. ಕಾಕಾ ಅವರಿಗೆ ಹೇಳಿ, ದೂರು ಕೇಳಿಸಿಕೊಂಡ ಮಾತ್ರಕ್ಕೆ ಗುರುದ್ರೋಹವೂ ಆಗುವುದಿಲ್ಲ. ಸಾಧ್ಯವಾದರೆ ಇಬ್ಬರನ್ನೂ ಕೂಡಿಸಿಕೊಂಡು ನಿಮ್ಮ ಊರ ಮಠಕ್ಕೆ ಹೋಗಿ, ಹಾಸ್ಟೆಲ್ಲಿನ ಮಕ್ಕಳನ್ನು ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಜಮಾಖರ್ಚು ಎಲ್ಲಿ ಓದುತ್ತಾರೆ ಎಂದು ವಿನಯದಿಂದ ಕೇಳಿ ಬನ್ನಿ. ಕೇಳುವಾಗ ಪಾದ ಮುಟ್ಟಿ ನಮಸ್ಕಾರ ಮಾಡಿಯೇ ಕೇಳಿ. ನಮ್ಮ ಅಜ್ಜಾರಂಥವರು ಅಲ್ಲಿದ್ದರೆ ಅವರೇ ಕಂಬಳಿ ಹಾಸುತ್ತಾರೆ.

ತಾಯಿಯವರಿಗೆ ಮಾತ್ರ ನಾನು ಹೇಳುವುದೇನೂ ಇಲ್ಲ. ಮನುಷ್ಯರ ಮುಖದ ಮೇಲೆ ಧೂಳು ಕೂರಬಾರದು ಎಂಬುದು ಅವರಿಗೆ ಗೊತ್ತಿದೆ. ಹೂವು ಎಂದರೇನು, ಅದನ್ನು ಯಾವಾಗ ತಡೆ ಹಿಡಿಯಬೇಕು ಎಂಬುದೂ ಗೊತ್ತಿದೆ. ನಾನು ಹನ್ನೆರಡು ಹಾಳೆ ಬರೆದು ಹೇಳಲು ಒದ್ದಾಡಿದ್ದನ್ನು ಅವರು ಬೆಳಿಗ್ಗೆ ಒಂದು ಅರಿವೆ ತುಂಡು, ಒಂದು ಬುಟ್ಟಿ ಹೂವಿನಲ್ಲಿ ಮುಗಿಸುತ್ತಾರೆ. ಅವರಿಗೆ ನನ್ನ ಶರಣು ತಿಳಿಸಿ.

ಕರೆಂಟು ಬಂತು. ಮೈಕು ಗೊರಗೊರ ಅನ್ನುತ್ತಿದೆ, ಇನ್ನು ಪುರಾಣ ಶುರು. ನಾಳೆ ನಾನೂ ಹೋಗುವವನಿದ್ದೇನೆ. ಪುರಾಣ ಮುಗಿಯುವ ಮಂಗಲದ ದಿನ ಜಮಾಖರ್ಚು ಓದುತ್ತಾರೇನು ಎಂದು ಕೇಳಬೇಕು. ಏನಂದರು ಎಂದು ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಇಂತಿ,
ನಿಮ್ಮ ಗೆಳೆಯ